ನಂಬರ್ ತಗಡಿಲ್ಲದ ಯಂತ್ರವೂ ಷಡ್ಡಕನೂ

ಬೆಳಕು ಹರಿಯುವ ಹೊತ್ತು. ಹಳೇ ಯಂತ್ರಗಳ ಅಂಗಳದಲ್ಲಿ ಮಣ್ಣು ಅಗೆಯುವ ಯಂತ್ರವೊಂದರ ಕೆಳಗೆ ಮೇಸ್ತ್ರಿ ಅಂಗಾತ ಮಲಗಿದ್ದಾರೆ. ಒಂದು ಕೈಯಲ್ಲಿ ತಂತಿ ಬ್ರಷ್ಷು, ಇನ್ನೊಂದರಲ್ಲಿ ಟಾರ್ಚು, ಮೂಗಿನ ಮೇಲೆ ಗ್ರೀಸು. ಕ್ಯಾಬಿನ್ನಿನ ಪಕ್ಕ ಇರಬೇಕಾದ ನಂಬರ್ ತಗಡು ಈ ಯಂತ್ರಕ್ಕಿಲ್ಲ. ಅಂಥದ್ದು ಕದ್ದ ಮಾಲೂ ಇರಬಹುದು, ಕಲ್ಲು ಬಡಿದು ತಗಡು ಕಿತ್ತುಹೋದ ಸಾಚಾ ಮಾಲೂ ಇರಬಹುದು. ಯಾವುದೆಂದು ಕೊಳ್ಳುವವರಿಗೆ ಹೇಳುವುದು ಮೇಸ್ತ್ರಿಯ ಕಸುಬು.

ಇವತ್ತಿನ ಗಿರಾಕಿ ಅವರ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಸಂಕಟ ಇರುವುದೇ ಅಲ್ಲಿ. ಇಬ್ಬರೂ ಒಂದೇ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವರು. ಷಡ್ಡಕ ಈಗ ಯಂತ್ರಗಳನ್ನು ಬಾಡಿಗೆಗೆ ಬಿಡುವ ಧಣಿ. ಮೇಸ್ತ್ರಿ ಕಂಡವರ ಯಂತ್ರ ತಡವುತ್ತಲೇ ತಲೆ ನರೆಸಿಕೊಂಡವರು, ತನ್ನದೆನ್ನಲು ಒಂದೂ ಇಲ್ಲ.

“ಕೆಲಸ ಕಲಿಸಿದ್ದು ನಾನು. ನಟ್ಟು ಯಾವ ಕಡೆ ತಿರುಗಿಸ್ಬೇಕು ಅಂತಲೂ ಗೊತ್ತಿರ್ಲಿಲ್ಲ ಅವನಿಗೆ. ಈಗ ಅಣ್ಣಾ ಅಣ್ಣಾ ಅಂತ ಕಾರಿಂದ ಇಳೀತಾನೆ. ಹೊಟ್ಟೆ ಉರಿಯಲ್ವಾ? ಉರಿಯುತ್ತೆ.”

ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಹೆಂಡತಿಗೆ ಇದೆಲ್ಲ ಹಳೇ ಪುರಾಣ. “ತಂಗಿ ಮನೆಗೆ ಹೋಗಿಬಂದ ದಿನ ಇವ್ರಿಗೆ ಊಟ ಸೇರಲ್ಲ. ಅವರ ಮನೆ ಫ್ಯಾನು ಸದ್ದಿಲ್ದೆ ತಿರುಗುತ್ತಲ್ಲ, ಅದಕ್ಕೂ ಸಿಟ್ಟು,” ಎಂದು ನಗುತ್ತಾರೆ.

ಈ ಯಂತ್ರ ಅಂಗಳಕ್ಕೆ ಬಂದಂದಿನಿಂದ ಮೇಸ್ತ್ರಿಯ ಕಣ್ಣು ಅದರ ಮೇಲೆಯೇ. ತಗಡಿಲ್ಲದ್ದರಿಂದ ಅಗ್ಗ, ಅರ್ಧ ದುಡ್ಡು ಹಾಕಿ ಪಾಲಿಗೆ ಸೇರಲು ಮೇಸ್ತ್ರಿ ದುಡಿಯುವ ಗ್ಯಾರೇಜಿನ ಯಜಮಾನರೂ ಒಪ್ಪಿದ್ದಾರೆ. ಅಷ್ಟರಲ್ಲಿ ಷಡ್ಡಕ ಕೊಳ್ಳುತ್ತೇನೆಂದು ಮಾರುವವರಿಗೆ ಮಾತು ಕೊಟ್ಟಾಗಿದೆ. ಈಗ ‘ಅನುಮಾನ ಇದೆ’ ಎಂದರೆ ಸಾಕು, ಅವನು ಬಿಡುತ್ತಾನೆ, ಯಂತ್ರ ಇವರದಾಗುತ್ತದೆ.

ಹಾಗಾಗಿ ಮೇಸ್ತ್ರಿ ಎಂದೂ ಇಲ್ಲದ ಆಸ್ಥೆಯಿಂದ ಹುಳುಕು ಹುಡುಕುತ್ತಿದ್ದಾರೆ. ತಗಡು ಇದ್ದ ಜಾಗದ ತೂತುಗಳನ್ನು ಸವರುತ್ತಾರೆ. ಕಳ್ಳರು ಡ್ರಿಲ್ ಹಾಕಿ ನೀಟಾಗಿ ಬಿಚ್ಚುತ್ತಾರೆ. ಇಲ್ಲಿ ಅಂಚು ಹರಿದಿದೆ, ಸುತ್ತ ನೆಗ್ಗಿದೆ. ಕಲ್ಲಿನ ಏಟೇ ಸರಿ. ಸುತ್ತಿಗೆಯಿಂದ ತಟ್ಟುತ್ತಾರೆ, ಬಿರುಕು ಮುಚ್ಚಲು ಪುಟ್ಟಿ ಮೆತ್ತಿದ ಮಂದ ಸದ್ದು ಎಲ್ಲೂ ಇಲ್ಲ. ಕೊನೆಗೆ ಚಾಸಿಸ್ಸಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿದಾಗ ಉಕ್ಕಿನಲ್ಲಿ ಒತ್ತಿದ ನಂಬರ್ ಕಾಣುತ್ತದೆ. ಮಾರುವವರು ಕೊಟ್ಟ ಕಾಗದದಲ್ಲಿರುವುದೂ ಅದೇ.

“ಹಳೇದನ್ನ ಉಜ್ಜಿ ಹೊಸದು ಒತ್ತಿದ್ರೆ ಹೆಬ್ಬೆರಳು ತಗ್ಗಿಗೆ ಇಳಿಯುತ್ತೆ. ಮೂರು ಸಲ ಸವರಿದೆ. ಇಳೀಲಿಲ್ಲ. ಕಳ್ಳಮಾಲೇ ಆಗಿರ್ಲಪ್ಪಾ ಅಂತ ಬೇಡ್ಕೊಂಡೆ, ಸುಳ್ಯಾಕೆ ಹೇಳ್ಲಿ.”

ಷಡ್ಡಕ ಬಂದು ನಿಲ್ಲುತ್ತಾನೆ. “ಏನಣ್ಣಾ, ತಗೊಳ್ಲಾ?”

ಮೇಸ್ತ್ರಿ ಚಿಂದಿ ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

“ತಗೋ. ಕಣ್ಮುಚ್ಕೊಂಡು ತಗೋ.”

ಷಡ್ಡಕ ಬಗ್ಗಿ ನೋಡುವುದೂ ಇಲ್ಲ, ಎರಡನೇ ಪ್ರಶ್ನೆ ಕೇಳುವುದೂ ಇಲ್ಲ, ನೇರ ಮಾರುವವರ ಕೋಣೆಗೆ ಹೋಗುತ್ತಾನೆ. ಒಂದು ಮಾತು ಅನುಮಾನಪಟ್ಟಿದ್ದರೆ ಜಗಳವಾದರೂ ಆಡಬಹುದಿತ್ತು ಎಂದು ಮೇಸ್ತ್ರಿ ಗೊಣಗುತ್ತಾರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಯಂತ್ರ ಲಾರಿ ಏರಿ ಗೇಟು ದಾಟುತ್ತದೆ. ಈಗ ನಿಮ್ಮ ಆಸೆ ಏನು ಎಂದು ಕೇಳಿದರೆ, ಮೇಸ್ತ್ರಿ ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

“ಕೆಲಸಕ್ಕೆ ಇಳಿಸಿದ ದಿನವೇ ಅದು ಕೆಟ್ಟು ನಿಲ್ಲಲಿ ಅಂತ ಆಸೆ. ನಿಲ್ಲಲ್ಲ ಬಿಡಿ. ನಾನು ನೋಡಿರೋ ಗಾಡಿ ಅದು.”