ಏನೂ ಗೊತ್ತಾಗದ ಇಪ್ಪತ್ತು ನಿಮಿಷ

ರಾಣೆಬೆನ್ನೂರಿನ ಹಲ್ಲಿನ ದವಾಖಾನೆಯಲ್ಲಿ ಆಕೆ ಸಹಾಯಕಿ. ನಲವತ್ತನೆಯ ವಯಸ್ಸಿಗೆ ಹಲ್ಲಿಗೆ ತಂತಿ ಕಟ್ಟಿಸಿಕೊಂಡ ನಾನು ಪ್ರತಿ ಶನಿವಾರ ಬ್ಯಾಡಗಿಯಿಂದ ಬಸ್ಸು ಹತ್ತಿ ಹೋಗುತ್ತಿದ್ದೆ. ಆಕೆ ನನ್ನ ಕೆನ್ನೆಗೆ ತಣ್ಣನೆಯ ಜೆಲ್ ಬಳಿದು, ದೋಸೆ ಹಂಚಿಗೆ ಎಣ್ಣೆ ಸವರುವಂತೆ, ಅಲ್ಟ್ರಾಸೌಂಡ್ ಯಂತ್ರದ ತುದಿಯನ್ನು ಇಪ್ಪತ್ತು ನಿಮಿಷ ಆಡಿಸುತ್ತಿದ್ದಳು. ಹಲ್ಲು ಬೇಗ ಸರಿಯಲಿ ಎಂದು ಈ ಉಪಾಯ. "ಕೆಲವರಿಗೆ ಉಪಯೋಗ ಆಗ್ತದ, ಕೆಲವರಿಗೆ ಇಲ್ಲ" ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಯಂತ್ರಕ್ಕೆ ಸದ್ದಿಲ್ಲ, ಚರ್ಮಕ್ಕೆ ಏನೂ ತಿಳಿಯುವುದಿಲ್ಲ. "ಏನೂ ಗೊತ್ತಾಗಂಗಿಲ್ರಿ. ಹಂಗ ಇರಬೇಕದು," ಎನ್ನುತ್ತಿದ್ದಳು ಪ್ರತಿ ಸಲವೂ, ಗೋಡೆ ಗಡಿಯಾರ ನೋಡುತ್ತ. ಆದರೆ ಒಬ್ಬರು ಅಷ್ಟು ಹೊತ್ತು ಕೈ ನೋಯಿಸಿಕೊಂಡ ಮೇಲೆ ಏನೂ ಆಗಲಿಲ್ಲ ಎನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ. ಉಂಡವರು ಅಡುಗೆ ಹೊಗಳಿದಂತೆ ನಾನು ವಾರಕ್ಕೊಂದು ಮಾತು ಹೇಳುತ್ತಿದ್ದೆ.

ಒಂದು ಶನಿವಾರ ಎದ್ದು, ಡಾಕ್ಟರ ಎದುರೇ, "ಇವತ್ತ ಭಾಳ ಚಲೋ ಆತ್ರಿ. ಬೇರಿನತನಕ ಬೆಚ್ಚಗ ಹೋತು," ಎಂದೆ.

ಆಕೆ ಯಂತ್ರದ ಹಿಂದೆ ಬಗ್ಗಿ ನೋಡಿದಳು. ಹಿಂದಿನ ತಿಂಗಳಷ್ಟೇ, ಸಣ್ಣ ತಪ್ಪಿಗೆ ಇನ್ನೊಬ್ಬ ಸಹಾಯಕಿಯನ್ನು ಡಾಕ್ಟರು ಕೆಲಸದಿಂದ ತೆಗೆದಿದ್ದರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಸ್ವಿಚ್ಚ ಹಾಕೇ ಇಲ್ರಿ. ನಂದ ತಪ್ಪು. ಮತ್ತ ಕುಂದ್ರಿ," ಎಂದಳು.

ಡಾಕ್ಟರು ನನ್ನ ಮುಖವನ್ನೇ ನೋಡಿದರು. ಮತ್ತೆ ಜೆಲ್, ಮತ್ತೆ ಇಪ್ಪತ್ತು ನಿಮಿಷ. ಬ್ಯಾಡಗಿ ಬಸ್ಸು ಹೋಯಿತು.

"ಏನರ ಗೊತ್ತಾತೇನ್ರಿ?" ಎಂದು ಕೇಳಿದಳು.

"ಇಲ್ಲ," ಎಂದೆ.

"ಹಂಗಾದ್ರ ಆಗೈತಿ," ಎಂದು ಕೆನ್ನೆ ಒರೆಸಿದಳು.