ಲೆಕ್ಕದಿಂದ ಹೊರಬಿದ್ದ ಬಾಯ್ಲರ್ ಚಮನಸಾಬ

ವೇದಿಕೆಯ ಮೇಲೆ ಅತಿಥಿಗಳನ್ನು ಅಪ್ಪಿಕೊಂಡದ್ದೇ ತಪ್ಪಾಯಿತು. ಚಮನಸಾಬರು ಪಾಳಿ ಮುಗಿಸಿ ನೆಟ್ಟಗೆ ಬಂದಿದ್ದರು. ಕೈ ತೊಳೆದದ್ದು ಖರೆ, ಒರೆಸಿಕೊಂಡದ್ದು ಮಾತ್ರ ಬಾಯ್ಲರ್ ಮನೆಯ ಟವೆಲಿಗೆ. ಅತಿಥಿಗಳ ಬಿಳಿ ಅಂಗಿಯ ಬೆನ್ನ ಮೇಲೆ ಐದೂ ಬೆರಳು ಅಚ್ಚಾದವು. ಕಂಪನಿಯ ‘ಇಂಗಾಲದ ಹೆಜ್ಜೆಗುರುತು’ ವರದಿಯ ಬಿಡುಗಡೆ ಅದು. ಹಸ್ತಾಕ್ಷರವೂ ಇಂಗಾಲದ್ದೇ ಆಯಿತಲ್ಲ ಎಂದು ಮೊದಲು ನಕ್ಕವನು ನಾನೇ.

ಅಥಣಿ ರಸ್ತೆಯಲ್ಲಿ ನಮ್ಮ ಮನೆಯ ಹಿಂಬದಿಯ ಮನೆಯವರು ಚಮನಸಾಬ. ತಿಕೋಟಾದ ಆಚೆಗಿನ ಸ್ಟಾರ್ಚ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಲ್ಲಿದ್ದಲಿನ ಬಾಯ್ಲರ್ ಕಾದವರು. ಒಂದು ಗಾಡಿ ಕಲ್ಲಿದ್ದಲು ಒಳಗೆ ಹೋದರೆ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೆರೆ. ಪಾಳಿ ಮುಗಿದಾಗ ಗೆರೆ ಎಣಿಸಿ ರಜಿಸ್ಟರಿಗೆ. ಹೀಗೆ ಬರಿ ಎಂದು ಯಾರೂ ಹೇಳಿರಲಿಲ್ಲ. ಯಾರೂ ಹೇಳದೆಯೇ ಕಂಪನಿಯೂ ತನ್ನ ಹೊಗೆಯ ಲೆಕ್ಕ ಒಪ್ಪಿಸಲು ಹೊರಟಾಗ, ಕೈಗೆ ಸಿಕ್ಕಿದ್ದು ಆ ರಜಿಸ್ಟರು.

“ಕಾಯದೆ ಕೇಳಿಲ್ಲ, ಸರ್ಕಾರ ಕೇಳಿಲ್ಲ. ನಾವಾಗೇ ಹೇಳಾಕತ್ತೇವಿ. ನಮ್ಮ ಖರೇತನಕ್ಕ ಚಮನಸಾಬರ ಸಾಕ್ಷಿ!” ಎಂದು ಮ್ಯಾನೇಜರ್ ಬಸಲಿಂಗಯ್ಯನವರು ಅಂದು ಮೈಕಿನಲ್ಲಿ ಸಾರಿ ಶಾಲು ಹೊದಿಸಿದರು.

ಮರುವರ್ಷದ ವರದಿಯಲ್ಲಿ ಹೊಗೆ ಅರ್ಧಕ್ಕರ್ಧ ಇಳಿದಿತ್ತು. ಬಸ್ಸಿನಿಂದ ಕಾಣುವ ಚಿಮಣಿ ಮಾತ್ರ ಎಂದಿನಂತೆ ಹೊಗೆಯಾಡುತ್ತಿತ್ತು. ಗುಟ್ಟು ಚಮನಸಾಬರ ಕೈಗೆ ಬಂದ ಪತ್ರದಲ್ಲಿತ್ತು: ಕಲ್ಲಿದ್ದಲಿನ ಬಾಯ್ಲರ್ ಇನ್ನು ಮುಂದೆ ಕಂತ್ರಾಟದಾರನದು. ಬಾಯ್ಲರ್ ಜೊತೆಗೆ ಅದನ್ನು ಕಾಯುವವನೂ. ಪತ್ರ ಹಿಡಿದು ಚಮನಸಾಬರು ಬಸಲಿಂಗಯ್ಯನವರ ಮುಂದೆ ನಿಂತರು.

“ಸಾಹೇಬ್ರ, ನಾ ಕಾಯಂ ನೌಕರ ಅಲ್ಲೇನ್ರಿ? ರಿಟೈರ್ ಆಗಾಕ ಎರಡ ವರ್ಷ ಉಳದಾವ.”

“ನೋಡ್ರಿ ಚಮನಸಾಬ, ನಮ್ಮದು ಎಷ್ಟೈತಿ ಅಷ್ಟ ನಾವು ವರದ್ಯಾಗ ಬರೀಬೇಕು. ಬಾಯ್ಲರ್ ಈಗ ನಮ್ಮದಲ್ಲ.”

“ಅದರ ಉಗಿ?”

“ಅವರ ಕಡಿಂದ ಕೊಳ್ಳತೇವಿ. ಅದರ ಲೆಕ್ಕ ಮುಂದ ನೋಡೋಣಂತ. ಒತ್ತಾಯ ಎಲ್ಲೈತಿ? ನಮ್ಮ ಖುಷಿಲೆ ಕೊಡೋ ವರದಿ.”

“ಮತ್ತ ನಾ ಬರದದ್ದು?”

“ಅದರಿಂದನ ಗೊತ್ತಾತಲ್ಲರಿ, ಹೆಚ್ಚಿನ ಹೊಗಿ ಎಲ್ಲಿಂದ ಬರತೈತಿ ಅಂತ!”

ರಾಜೀನಾಮೆಗೆ ಸಹಿ ಮಾಡಿಸಿಕೊಂಡರು. ಕಾಯಂ ನೌಕರಿ ಹೋಗಿ ಹನ್ನೊಂದು ತಿಂಗಳ ಕರಾರು ಬಂತು. ಅದೇ ಗೇಟು, ಅದೇ ಬಾಯ್ಲರ್, ಕೊರಳಿಗೆ ಬೇರೆ ಬಣ್ಣದ ಪಾಸು. “ಪುಕ್ಕಟೆ ಯಾರರ ಶಾಲು ಹೊಚ್ಚತಾರೇನು? ಆ ಮಂದಿ ಹೊಚ್ಚಿದ್ದ ಮುಚ್ಚಾಕ,” ಎಂದರು ಹೆಂಡತಿ ಶಹಜಾದಿ.

ಕಳೆದ ಭಾನುವಾರ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವಾಗ, ಈಗಲೂ ಗೆರೆ ಎಳೆಯುತ್ತೇನೆ, ರಜಿಸ್ಟರ್ ತುಂಬುತ್ತೇನೆ ಎಂದರು. ನನ್ನ ಎದೆ ತುಂಬಿ ಬಂತು.

“ಇಷ್ಟು ಮೋಸ ಆದ ಮ್ಯಾಲೂ ಖರೇ ಲೆಕ್ಕ ಬರಿಯೋದು ಬಿಟ್ಟಿಲ್ಲಲ್ರಿ, ಯಾಕ?”

ಅವರು ಬಸಿಯಲ್ಲಿದ್ದ ಚಹಾ ಊದಿದರು.

“ಕಂತ್ರಾಟದಾರನ ಹುಕುಮ್ ಐತ್ರಿ. ಕಲ್ಲಿದ್ದಲಿ ನಾ ಮನಿಗೆ ಒಯ್ಯತೇನಂತ ಅವಗ ಸಂಶೆ.”