ಡನ್‌ವಿಕ್‌ಗೆ ಹೋಗುವ ದಾರಿ

ನೆವಿಲ್ ಹ್ಯಾಲಮ್‌ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿದ್ದು ಒಂದು ಗುರುವಾರ ಸಂಜೆ, ನಾಟಿಂಗ್‌ಹ್ಯಾಮ್‌ನ ಪಬ್ಬೊಂದರ ಮಹಡಿಯಲ್ಲಿ. ಅಲ್ಲಿ ವಾರವಾರ ಸೇರುವ ಮಂದಿ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ವೆಸ್ಕಾರ್ ಎಂಬ ದೇಶದಲ್ಲಿ ಅಲೆದಾಡುತ್ತಿದ್ದರು. ವೆಸ್ಕಾರ್ ಭೂಮಿಯ ಮೇಲೆ ಎಲ್ಲೂ ಇಲ್ಲ. ಅದು ಇದ್ದದ್ದು ಕಥೆ ನಡೆಸುವ ಕ್ಲೈವ್‌ನ ಬಾಯಲ್ಲಿ ಮತ್ತು ಗೋಡೆಯ ಮೇಲಿನ ನೆವಿಲ್‌ನ ನಕ್ಷೆಯಲ್ಲಿ. ಅಂದು ಕ್ಲೈವ್ ಚಿಪ್ಸ್ ಮೆಲ್ಲುತ್ತ, "ನಿನ್ನ ನಕ್ಷೆ ಮಾಸಿಹೋಯ್ತು ಮಾರಾಯ. ಇಮೋಜೆನ್ ಹೊಸದು ಬರೀತಾಳಂತೆ. ಚೆನ್ನಾಗಿ ಬಂದ್ರೆ ಅದನ್ನೇ ಹಾಕೋಣ" ಎಂದುಬಿಟ್ಟ.

ಇಮೋಜೆನ್ ಹೋದ ವರ್ಷ ಸೇರಿದ ಹುಡುಗಿ. ಕಾಗದವಿಲ್ಲ, ಮಸಿಯಿಲ್ಲ, ಕಂಪ್ಯೂಟರಿನ ಗಾಜಿನ ಹಲಗೆಯ ಮೇಲೆ ಕಡ್ಡಿ ಆಡಿಸುತ್ತಾಳೆ. ಒಂದು ಬೆಟ್ಟ ಬರೆದು ಅದನ್ನೇ ಸಾಲಾಗಿ ಒತ್ತಿಕೊಂಡು ಹೋಗುತ್ತಾಳೆ. ತಪ್ಪಾದರೆ ಬೆರಳು ತಾಗಿಸಿದರಾಯಿತು, ಮಾಯ!

ನೆವಿಲ್‌ನದು ಲೇಸ್ ಕಾರ್ಖಾನೆಯಲ್ಲಿ ಹೂಬಳ್ಳಿಯ ನಮೂನೆ ಬರೆದು ಪಳಗಿದ ಕೈ. ಕಾಗದವನ್ನು ಚಹಾದಲ್ಲಿ ಅದ್ದಿ, ಒಣಗಿಸಿ, ಹಳತು ಮಾಡುವನು. ಮೊದಲು ಕರಾವಳಿ, ಆಮೇಲೆ ಬೆಟ್ಟ, ಬೆಟ್ಟದಿಂದ ಇಳಿಯುವ ನದಿ. ಬೆಳಕು ಎಡಗಡೆಯಿಂದಲೇ ಬರಬೇಕು, ಹಾಗಾಗಿ ಪ್ರತಿ ಬೆಟ್ಟದ ಬಲಮಗ್ಗುಲಿಗೆ ನೆರಳಿನ ಗೀಟು. ಪೆನ್ನಿನಿಂದ ಹನಿ ಜಾರಿದರೆ ಉಸಿರು ಬಿಗಿಹಿಡಿದು ಬ್ಲೇಡಿನಿಂದ ಕೆರೆಯಬೇಕು. ಇಷ್ಟೆಲ್ಲ ಮಾಡಿದವನು ಆಟಕ್ಕೆ ಮಾತ್ರ ಒಮ್ಮೆಯೂ ಕೂತವನಲ್ಲ. "ದಾಳ ಆಡಿಸೋದು ನಿಮ್ಮ ಹುಡುಗಾಟ. ದೇಶ ಮಾಡೋದು ನನ್ನ ಕೆಲಸ" ಎಂದು ಬಿಯರ್ ಮುಗಿಸಿ ಬಸ್ಸು ಹತ್ತುವ ಠೀವಿ ಅವನದು.

"ನೆವಿಲ್, ನಿಮ್ಮ ಕರಾವಳಿ ಗೆರೆ ಅಷ್ಟು ಸಹಜವಾಗಿ ಹೇಗೆ ನಡುಗುತ್ತೆ? ಹೇಳ್ಕೊಡ್ತೀರಾ?" ಎಂದು ಇಮೋಜೆನ್ ಕೇಳಿದಳು.

"ವಯಸ್ಸಾದ್ಮೇಲೆ ತಾನಾಗೇ ನಡುಗುತ್ತೆ ಬಿಡಮ್ಮ!"

ಪೆನ್ನನ್ನು ಅಲುಗಿಸದೆ ಕಾಗದವನ್ನೇ ತಿರುಗಿಸಬೇಕೆಂಬ ಗುಟ್ಟನ್ನು ಅವನು ನುಂಗಿಕೊಂಡ. ಕಲಿಸಿ ತನ್ನ ಗೋಡೆಯನ್ನು ಅವಳಿಗೆ ಬಿಟ್ಟುಕೊಡಲು ಅವನಿಗೇನು ಹುಚ್ಚೇ? ಅಲ್ಲದೆ ಅವನ ಬಳಿ ಒಂದು ಬಲೆಯಿತ್ತು. ನಿಜವಾದ ದೇಶಗಳ ನಕ್ಷೆ ಮಾಡುವವರು ನಡುವೆ ಎಲ್ಲೋ ಇಲ್ಲದ ಊರೊಂದನ್ನು ಸೇರಿಸುತ್ತಾರೆ. ಬೇರೆಯವರ ನಕ್ಷೆಯಲ್ಲಿ ಅದು ಕಂಡರೆ ಕಳ್ಳ ಸಿಕ್ಕಿಬಿದ್ದ ಹಾಗೆ. ನೆವಿಲ್ ಕೂಡ, ಕ್ಲೈವ್ ತನ್ನ ಕಥೆಯಲ್ಲಿ ಹೇಳದಿದ್ದರೂ, ಜೌಗುನೆಲದ ನಡುವೆ ಚುಕ್ಕಿಯಿಟ್ಟು 'ಡನ್‌ವಿಕ್' ಎಂದು ಬರೆದಿದ್ದ.

ಕೆಲವು ವಾರ ಕಳೆದು ಇಮೋಜೆನ್ ತನ್ನ ನಕ್ಷೆಯನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ ತಂದು ಮೇಜಿನ ಮೇಲೆ ಹರಡಿದಳು. ಹಾಳಾದ್ದು, ಚೆನ್ನಾಗಿತ್ತು. ನೆವಿಲ್‌ನ ಕಣ್ಣು ನೇರ ಜೌಗಿಗೆ ಹೋಯಿತು. ಡನ್‌ವಿಕ್! ಹಾಲು ಕುಡಿದಷ್ಟು ಸಂತೋಷವಾಯಿತು ಅವನಿಗೆ.

"ಕಳ್ಳತನ!" ಎಂದು ಮೇಜು ಗುದ್ದಿದ. "ಇಂಥಾ ಊರೇ ಇಲ್ಲ! ನಾನು ಬೇಕೂಂತ ಹಾಕಿದ ಸುಳ್ಳು ಊರು ಇದು. ನನ್ನ ನಕ್ಷೆ ಅಡಿಗಿಟ್ಟು ತೀಡಿದ್ದಾಳೆ ಇವಳು!"

ಎಲ್ಲರೂ ಮುಖಮುಖ ನೋಡಿಕೊಂಡರು.

"ಇಲ್ವಾ?" ಎಂದ ಕ್ಲೈವ್. "ಹೋದ ಚಳಿಗಾಲ ಪೂರ್ತಿ ಅಲ್ಲೇ ಸಿಕ್ಕಿಹಾಕ್ಕೊಂಡಿದ್ವಲ್ಲೋ! ನಿನ್ನ ನಕ್ಷೆಯಲ್ಲಿತ್ತು, ನಾನು ಜನ ತುಂಬಿಸ್ದೆ."

"ನನ್ನ ಮದುವೆ ಆಗಿದ್ದೇ ಅಲ್ಲಿ," ಎಂದ ನಲ್ಲಿ ರಿಪೇರಿಯ ಬರ್ನಾರ್ಡ್, "ಛತ್ರದ ಯಜಮಾನಿ ಜೊತೆ. ಎಂಥಾ ಬಜಾರಿ ಅಂತೀಯ!"

ಇಮೋಜೆನ್‌ಳ ಕಣ್ಣು ತುಂಬಿತ್ತು. "ನಾನು ಕದ್ದಿಲ್ಲ. ಆಡಿದ್ದನ್ನೇ ಬರೆದೆ. ನೋಡಿ, ಗಂಟೆ ಗೋಪುರ, ಮರದ ಸೇತುವೆ, ಬಾತುಕೋಳಿ ಕೊಳ. ನಿಮ್ಮದರಲ್ಲಿ ಬರೀ ಚುಕ್ಕಿ ಇತ್ತು."

ಕ್ಲೈವ್ ಕುರ್ಚಿ ಹತ್ತಿ ಹಳೆಯ ನಕ್ಷೆ ಇಳಿಸಿ, ಸುರುಳಿ ಸುತ್ತಿ ನೆವಿಲ್‌ನ ಕೈಗಿಟ್ಟ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನೆವಿಲ್ ಬಾಗಿಲವರೆಗೆ ಹೋದ. ಹಿಂದಿನಿಂದ ಬರ್ನಾರ್ಡ್‌ನ ದನಿ ಕೇಳಿತು: "ಕೊಳ ಸೇತುವೆಯಾಚೆ ಅಲ್ವೇನೇ? ನಾನು ಕುಡಿದು ಬಿದ್ದಿದ್ದು ಆಚೆಗೇ!" ಎಲ್ಲರೂ ಹೋ ಎಂದು ನಕ್ಕರು.

ನೆವಿಲ್‌ನ ಹೊಟ್ಟೆ ಮತ್ತೆ ಉರಿಯಿತು, ಆದರೆ ಈ ಸಲ ಬರೀ ಇಮೋಜೆನ್ ಮೇಲಲ್ಲ, ಅಲ್ಲಿ ಕೂತಿದ್ದ ಒಬ್ಬೊಬ್ಬರ ಮೇಲೂ. ತಾನು ಹುಟ್ಟಿಸಿದ ಊರಿಗೆ ಎಲ್ಲರೂ ಹೋಗಿಬಂದಿದ್ದರು, ತಾನೊಬ್ಬನೇ ಹೋಗಿರಲಿಲ್ಲ.

ಅವನು ತಿರುಗಿ ಬಂದು ಕುರ್ಚಿ ಎಳೆದು ಕೂತ. ಯಾರ ಮುಖವನ್ನೂ ನೋಡದೆ, "ಡನ್‌ವಿಕ್‌ಗೆ ಹೋಗೋದು ಹೇಗೆ?" ಎಂದು ಗುರುಗುಟ್ಟಿದ.

ಇಮೋಜೆನ್ ಕಣ್ಣೊರೆಸಿಕೊಂಡು ತನ್ನ ನಕ್ಷೆಯನ್ನು ಅವನ ಕಡೆಗೆ ತಿರುಗಿಸಿದಳು.